ಎಡಗಾಲಿನ ಫೋಟೊ

ಫೆಬ್ರವರಿ 2

ತಂಗ್ಯಮ್ಮನಿಗೆ,

ನಾನು ಕಾಗದ ಬರೆಯಲು ಕೂತರೆ ಏನೋ ಕೆಲಸ ಆಗಬೇಕಿದೆ ಎಂದೇ ಅರ್ಥ ಎಂದು ನೀನು ಹೋದ ಸಲ ಚುಚ್ಚಿದ್ದೆ. ಚುಚ್ಚಿದ್ದು ಸರಿಯಾಗಿಯೇ ಇದೆ. ಈ ಸಲವೂ ಕೆಲಸವೇ. ಫೋನಿನಲ್ಲಿ ಹೇಳೋಣವೆಂದರೆ ನಿನಗೆ ಗೊತ್ತಲ್ಲ, ಅದನ್ನು ಕಿವಿಗೆ ಹಿಡಿದ ಕೂಡಲೇ ನನ್ನ ಬಾಯಿಂದ ‘ಹೂಂ, ಹೂಂ’ ಬಿಟ್ಟು ಬೇರೇನೂ ಹೊರಡುವುದಿಲ್ಲ.

ನಮ್ಮ ಬೀದಿಯ ಮೂಳೆ ಡಾಕ್ಟರು ಆಸ್ಪತ್ರೆ ಮುಚ್ಚಿ ಮಗಳ ಊರಿಗೆ ಹೋಗಿಬಿಟ್ಟರು. ನಮ್ಮ ಅಂಗಡಿಗೆ ಬರುತ್ತಿದ್ದವರೆಲ್ಲ ಅವರ ಚೀಟಿ ಹಿಡಿದೇ ಬರುತ್ತಿದ್ದವರು. ಒಂದು ಕಾಲು ಗಿಡ್ಡ ಇರುವವರು, ಪಾದ ಒಳಕ್ಕೆ ತಿರುಗಿರುವವರು, ಬೆರಳು ಕಳೆದುಕೊಂಡವರು, ಯಾರಿಗೂ ಬೇರೆ ದಾರಿ ಗೊತ್ತಿರಲಿಲ್ಲ. ಈಗ ಚೀಟಿ ಬರೆಯುವವರಿಲ್ಲ, ಬರುವವರೂ ಇಲ್ಲ. ಹಳೆಯವರು ನಾಲ್ಕಾರು ಜನ ಬರುತ್ತಾರೆ, ಅಷ್ಟೆ. ನಾನು ನೊಣ ಹೊಡೆಯುತ್ತಾ ಕೂತಿರುವುದನ್ನು ನೋಡಿ ನೋಡಿ ನಿನ್ನ ಅತ್ತಿಗೆಗೆ ತಲೆ ಕೆಟ್ಟಿದೆ. “ಒಂದು ವೆಬ್‌ಸೈಟ್ ಮಾಡ್ಸಿ, ಇಲ್ಲಾಂದ್ರೆ ಬೀಗ ಹಾಕಿ ಮನೇಲಿ ನನ್ ಜೊತೆ ಬಟ್ಟೆ ಮಡಚೋಕೆ ಕೂತ್ಕೊಳ್ಳಿ” ಎಂದು ಹುಕುಂ ಆಗಿದೆ.

ಎಲ್ಲೋ ಯಾರದೋ ಮಗುವಿನ ಕಾಲಿಗೆ ಬೂಟು ಸಿಗದೆ ತಾಯಿ ಅಲೆಯುತ್ತಿರುತ್ತಾಳೆ, ನಾನಿಲ್ಲಿ ಸುಮ್ಮನೆ ಕೂತಿರುತ್ತೇನೆ. ಅದನ್ನು ನೆನೆದರೆ ಬೇಜಾರಾಗುತ್ತದೆ. ಈ ವರ್ಷ ಹೀಗೇ ಕಳೆದರೆ ಅಂಗಡಿ ಉಳಿಯುವುದಿಲ್ಲ. ಅದನ್ನೂ ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ.

ನಿಮ್ಮ ಆಫೀಸಿನ ಮೇಲಿನ ಮಹಡಿಯಲ್ಲಿ ವೆಬ್‌ಸೈಟ್ ಮಾಡುವ ಹೆಂಗಸೊಬ್ಬರಿದ್ದಾರೆ ಎಂದಿದ್ದೆಯಲ್ಲ, ಅವರನ್ನು ಕೇಳು. ಮೊದಲ ಪುಟದಲ್ಲಿ ಏನಿರಬೇಕು ಎಂದು ನಾನಾಗಲೇ ನಿರ್ಧಾರ ಮಾಡಿದ್ದೇನೆ. ನಿನ್ನ ಫೋಟೊ. ನಿನ್ನ ಗಿಡ್ಡ ಎಡಗಾಲಿಗೆ ಬೂಟು ಸಿಗಲಿಲ್ಲವೆಂದು ತಾನೇ ಅಪ್ಪ ಮಾಮೂಲಿ ಚಪ್ಪಲಿ ಬಿಟ್ಟು ಈ ಕೆಲಸ ಕಲಿತದ್ದು. ನಮ್ಮ ಮೊದಲ ಗಿರಾಕಿ ಇಂದು ದೊಡ್ಡ ಆಫೀಸಿನಲ್ಲಿ ಠೀವಿಯಿಂದ ಓಡಾಡುತ್ತಿದ್ದಾಳೆ ಎಂದು ನೋಡಿದರೆ ಯಾರಿಗೆ ಧೈರ್ಯ ಬರುವುದಿಲ್ಲ? ಒಂದು ಒಳ್ಳೆಯ ಫೋಟೊ ತೆಗೆಸಿ ಕಳಿಸು. ಬೂಟು ಕಾಣಬೇಕು.

ಈ ವರ್ಷದ ಹೊಸ ಜೊತೆ ಪಾರ್ಸೆಲ್ ಮಾಡಿದ್ದೆ. ಸೇರಿತೇ? ಹೇಗಿದೆ?

ನಿನ್ನ ಅಣ್ಣ


ಫೆಬ್ರವರಿ 11

ಅಣ್ಣನಿಗೆ,

ಬೂಟು ಸೇರಿತು. ಚೆನ್ನಾಗಿದೆ.

ಡಿಸೈನರ್ ಜೊತೆ ಮಾತಾಡಿದೆ. ಒಪ್ಪಿದ್ದಾರೆ. ಆದರೆ ಅವರು ಕೆಲಸ ಶುರು ಮಾಡುವ ಮುಂಚೆ ನೀನು ಮಾಡಬೇಕಾದ ಕೆಲಸವೇ ಬಹಳ ಇದೆ. ವೆಬ್‌ಸೈಟ್ ಮಾಡಿಸಲು ಬರುವವರಲ್ಲಿ ಮುಕ್ಕಾಲು ಜನ ಕೈಬೀಸಿಕೊಂಡು ಬಂದು “ನೀವೇ ಏನಾದ್ರೂ ಚೆನ್ನಾಗಿ ಹಾಕ್ಬಿಡಿ” ಎನ್ನುತ್ತಾರಂತೆ. ಹಾಗೆ ಬಂದವರನ್ನು ಅವರು ಕಾಫಿ ಕೊಟ್ಟು ವಾಪಸು ಕಳಿಸುತ್ತಾರಂತೆ.

ಮೊದಲಿಗೆ, ನೀನು ಏನು ಕೆಲಸ ಮಾಡುತ್ತೀಯ ಎನ್ನುವುದನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು. ಒಂದೇ ವಾಕ್ಯ, ಅಣ್ಣ. ಅಪ್ಪನಿಂದ ಶುರು ಮಾಡಬೇಡ. ಆಮೇಲೆ, ನಿನ್ನ ಪುಟ ನೋಡುವವರು ಯಾರು, ನೋಡಿದ ಕೂಡಲೇ ಅವರು ಏನು ಮಾಡಲಿ ಎಂದು ನಿನ್ನ ಆಸೆ? ಫೋನ್ ಮಾಡಬೇಕೋ, ಅಂಗಡಿಗೆ ಬರಬೇಕೋ? ಅಂಗಡಿಯ ಒಳಗಿನ ಫೋಟೊ ಬೇಕು, ನೀನು ಕೆಲಸ ಮಾಡುತ್ತಿರುವ ಫೋಟೊ ಬೇಕು. ಗಿರಾಕಿಗಳು ನಿನ್ನ ಬಗ್ಗೆ ಆಡಿದ ಒಂದೆರಡು ಒಳ್ಳೆಯ ಮಾತು ಬೇಕು. ಮೊಬೈಲಿನಲ್ಲಿ ತೆಗೆದ ಮಸುಕು ಫೋಟೊ ಬೇಡ, ಸ್ಟುಡಿಯೋದವನನ್ನು ಕರೆಸು. ಅವನೇ ಡಿಸೈನರಿಗೆ ಮೇಲ್ ಮಾಡಲಿ. ಗೋಡೆಯ ಮೇಲಿನ ಆ ಹಳೇ ಕ್ಯಾಲೆಂಡರುಗಳನ್ನೆಲ್ಲ ಮೊದಲು ಕಿತ್ತುಹಾಕು.

ನನ್ನ ಫೋಟೊ ಬೇಡ. ಮನೆಯವರನ್ನೇ ತಂದು ನಿಲ್ಲಿಸಿದರೆ ಜನ ನಂಬುವುದಿಲ್ಲ, ತಂಗಿ ಹೊಗಳದೆ ಇನ್ನಾರು ಹೊಗಳುತ್ತಾರೆ ಎಂದು ನಗುತ್ತಾರೆ. ಹೊರಗಿನ ಗಿರಾಕಿಯ ಫೋಟೊ ಇದ್ದರೆ ತೂಕ ಹೆಚ್ಚು.

ಅತ್ತಿಗೆಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳು. ನಿನ್ನನ್ನು ಎಬ್ಬಿಸಲು ಅವರೇ ಬೇಕಾಯಿತು.

ನಿನ್ನ ತಂಗಿ


ಫೆಬ್ರವರಿ 19

ತಂಗ್ಯಮ್ಮನಿಗೆ,

ಒಂದು ವಾಕ್ಯ ಎಂದು ಎಷ್ಟು ಸಲೀಸಾಗಿ ಬರೆದುಬಿಟ್ಟೆ! ವಾರವಿಡೀ ತಲೆ ಕೆರೆದುಕೊಂಡಿದ್ದೇನೆ. ‘ನಾವು ಬೂಟು ಹೊಲಿಯುತ್ತೇವೆ’ ಎಂದು ಬರೆದೆ. ನಿನ್ನ ಅತ್ತಿಗೆ ನೋಡಿ, “ಇದನ್ನ ಬೋರ್ಡ್ ನೋಡಿದ್ರೇ ಗೊತ್ತಾಗುತ್ತಲ್ರೀ” ಎಂದಳು. ‘ಕಾಲಿಗೆ ತಕ್ಕ ಬೂಟು’ ಎಂದು ತಿದ್ದಿದೆ. “ಎಲ್ರೂ ಕಾಲಿಗೇ ತಾನೇ ಹಾಕ್ಕೊಳ್ಳೋದು, ತಲೆಗಾ?” ಎಂದಳು. ಕೊನೆಗೆ ಹೀಗೆ ಬರೆದಿದ್ದೇನೆ: ‘ಏರುಪೇರು ಇರುವ ಕಾಲಿಗೆ, ಪಕ್ಕದಲ್ಲಿ ನಡೆಯುವವರಿಗೂ ಗೊತ್ತಾಗದ ಹಾಗೆ ಬೂಟು ಹೊಲಿದುಕೊಡುತ್ತೇವೆ.’ ಇದಕ್ಕೆ ಅವಳೂ ಸುಮ್ಮನಾದಳು. ಅವಳು ಸುಮ್ಮನಾಗುವುದೆಂದರೆ ಸಣ್ಣ ಮಾತಲ್ಲ.

ನೋಡಿದವರು ಏನು ಮಾಡಬೇಕು ಎಂದು ಕೇಳಿದ್ದೀಯ. ಒಳಗೆ ಬಂದು ಕೂತು ಬೂಟು ಬಿಚ್ಚಬೇಕು. ಅಷ್ಟು ಮಾಡಿದರೆ ಮಿಕ್ಕಿದ್ದು ನನ್ನ ಹೊಣೆ. ಫೋನಿನಲ್ಲಿ ಕಾಲು ನೋಡಲಾಗುವುದಿಲ್ಲ.

ಸ್ಟುಡಿಯೋದವನು ಬಂದಿದ್ದ. ಅಂಗಡಿ ಎಷ್ಟು ಚೊಕ್ಕಟವಾಗಿತ್ತೆಂದರೆ ನನ್ನ ದಬ್ಬಳ ಎಲ್ಲಿದೆಯೆಂದು ನನಗೇ ತಿಳಿಯದೆ ಒದ್ದಾಡಿದೆ. ಗೋಡೆಗೆ ಸಾಲಾಗಿ ತೂಗುಹಾಕಿದ ಮರದ ಅಚ್ಚುಗಳನ್ನು ನೋಡಿ ಅವನು ದಂಗಾದ. ಒಬ್ಬೊಬ್ಬರ ಕಾಲಿನ ಆಕಾರಕ್ಕೆ ಒಂದೊಂದು ಅಚ್ಚು ಕೆತ್ತಬೇಕು ಎಂದು ಅವನಿಗೆ ಗೊತ್ತೇ ಇರಲಿಲ್ಲ. ನಿನ್ನದನ್ನೂ ತೋರಿಸಿದೆ.

ಅವನು ಇರುವಾಗಲೇ ಪಿಟೀಲು ಟೀಚರು ಬಂದರು. ನಿನಗೆ ಗೊತ್ತಿರುವವರೇ. ನಮ್ಮ ಬೇರೆ ಗಿರಾಕಿಗಳ ಹಾಗೆ ಅವರೂ ಹಿತ್ತಲ ಬಾಗಿಲಿಂದ ಬಂದು ಪರದೆಯ ಹಿಂದೆಯೇ ಕೂರುವವರು. ಬೆಳಕು ಸಾಲದೆಂದು ನಾನು ಪರದೆ ಸರಿಸಿ ಬೂಟು ತೊಡಿಸುತ್ತಿದ್ದೆ. ಹೊಸ ಬೂಟು ಸರಿಯಾಗಿ ಕೂತಿತೆಂದು ಅವರು ಬಗ್ಗಿ ನೋಡಿ ನಕ್ಕರು. ಅದೇ ಹೊತ್ತಿಗೆ ಮುಂದಿನಿಂದ ಇವನು ಕ್ಲಿಕ್ಕಿಸಿದ್ದಾನೆ. ಅವರಿಗೆ ಗೊತ್ತಾಗಲಿಲ್ಲ. ನನಗೂ ಅವರು ಹೋದ ಮೇಲೆ ಅವನು ತೋರಿಸಿದಾಗಲೇ ಗೊತ್ತಾದದ್ದು. ಏನು ಫೋಟೊ ಅಂತೀಯ! ಒಂದು ಕಾಲು ಬರಿಗಾಲು, ಇನ್ನೊಂದಕ್ಕೆ ಬೂಟು, ಮುಖ ಅರ್ಧ ಕಾಣುತ್ತದೆ. ನೂರು ಮಾತು ಬರೆದರೂ ಹೇಳಲಾಗದ್ದು ಅದರಲ್ಲಿದೆ.

ಆದರೆ ಅವರನ್ನು ಕೇಳದೆ ಹಾಕಬಹುದೇ? ಕೇಳಿದರೆ ಬೇಡ ಎನ್ನುತ್ತಾರೇನೋ. ಮುಖ ಅರ್ಧವೇ ಇದೆಯಲ್ಲ, ಯಾರು ಗುರುತು ಹಿಡಿಯುತ್ತಾರೆ ಎಂದೂ ಅನಿಸುತ್ತದೆ. ನನಗೆ ತಿಳಿಯುತ್ತಿಲ್ಲ. ನೀನೇ ಹೇಳು, ಇಂಥದ್ದು ನನಗಿಂತ ನಿನಗೆ ಚೆನ್ನಾಗಿ ಗೊತ್ತಾಗುತ್ತದೆ. ಇಲ್ಲವಾದರೆ ನಿನ್ನ ಫೋಟೊ ಕಳಿಸಿಬಿಡು, ಈ ತಲೆನೋವೇ ಇರುವುದಿಲ್ಲ. ಜನ ನಂಬುವುದಿಲ್ಲ ಎಂದೆಯಲ್ಲ, ನಂಬದೆ ಎಲ್ಲಿಗೆ ಹೋಗುತ್ತಾರೆ?

ನಿನ್ನ ಅಣ್ಣ


ಫೆಬ್ರವರಿ 26

ಅಣ್ಣನಿಗೆ,

ಫೋಟೊಗಳನ್ನು ಡಿಸೈನರ್ ತೋರಿಸಿದರು. ಪಿಟೀಲು ಟೀಚರದ್ದು ಬಹಳ ಚೆನ್ನಾಗಿದೆ. ಅದನ್ನೇ ಮೊದಲ ಪುಟಕ್ಕೆ ಹಾಕಿಸಿದ್ದೇನೆ. ನೀನು ಸುಮ್ಮನೆ ಗಾಬರಿಯಾಗಬೇಡ, ಅರ್ಧ ಮುಖದಲ್ಲಿ ಯಾರೂ ಗುರುತು ಹಿಡಿಯುವುದಿಲ್ಲ. ಇದಿನ್ನೂ ಪ್ರಯೋಗದ ಪುಟ, ಲಿಂಕ್ ಇದ್ದವರಿಗೆ ಮಾತ್ರ ಕಾಣುತ್ತದೆ. ಕೇಳುವುದಿದ್ದರೆ ಆಮೇಲೆ ನಿಧಾನವಾಗಿ ಕೇಳಿದರಾಯಿತು.

ನಿನ್ನ ವಾಕ್ಯವನ್ನು ಸ್ವಲ್ಪ ತಿದ್ದಿದ್ದೇನೆ. ‘ಎಲ್ಲರಿಗೂ ಒಪ್ಪುವ, ಕೈಯಿಂದ ಹೊಲಿದ ಪಾದರಕ್ಷೆಗಳು.’ ಇದು ಕೇಳಲು ಹಿತವಾಗಿದೆ, ಹೆಚ್ಚು ಜನರನ್ನು ಮುಟ್ಟುತ್ತದೆ. ಏರುಪೇರು, ಗಿಡ್ಡ, ಸೊಟ್ಟ, ಇಂಥ ಪದಗಳೆಲ್ಲ ಮೊದಲ ಪುಟದಲ್ಲಿ ಬೇಡ. ಬಣ್ಣ ತಿಳಿ ಕಂದು ಇರಲಿ ಎಂದಿದ್ದೇನೆ.

ನೀನು ತುಂಬ ಒಳ್ಳೆಯ ಕೆಲಸ ಮಾಡುತ್ತಿದ್ದೀಯ ಅಣ್ಣ. ಇಲ್ಲಿ ಎಲ್ಲರಿಗೂ ನಿನ್ನ ವಿಷಯ ಹೇಳುತ್ತಿರುತ್ತೇನೆ.

ನಿನ್ನ ತಂಗಿ


ಮಾರ್ಚ್ 6

ತಂಗ್ಯಮ್ಮನಿಗೆ,

ಸ್ಟುಡಿಯೋದವನ ಕಂಪ್ಯೂಟರಿನಲ್ಲಿ ನಮ್ಮ ಪುಟ ನೋಡಿದೆ. ಒಬ್ಬನೇ ಅಲ್ಲ, ಬೀದಿಗೆ ಬೀದಿಯೇ ನೋಡಿತು. ಕ್ಷೌರದವನು, ಬೀಗದ ಅಂಗಡಿಯವನು, ಬೇಕರಿಯಾಕೆ, ಎಲ್ಲರೂ ನನ್ನ ಹೆಗಲ ಮೇಲಿಂದ ಇಣುಕುವವರೇ. ಕ್ಷೌರದವನು, “ಏನಣ್ಣ, ಸಿನಿಮಾದೋರ ಥರ ಪೋಸ್ ಕೊಟ್ಟಿದ್ದೀರಲ್ಲ!” ಎಂದ. ಲಿಂಕನ್ನು ಎಲ್ಲರೂ ತಮ್ಮ ತಮ್ಮ ಫೋನಿಗೆ ಹಾಕಿಸಿಕೊಂಡರು. ನಾನೂ ಬೇಡವೆನ್ನಲಿಲ್ಲ, ಎದೆಯುಬ್ಬಿಸಿಕೊಂಡು ನಿಂತಿದ್ದೆ.

ಮನೆಗೆ ಬಂದು ಕೂತ ಮೇಲೆ ನಿನ್ನ ವಾಕ್ಯ ಮತ್ತೆ ಓದಿದೆ. ತಪ್ಪು ತಿಳಿಯಬೇಡ, ಒಂದು ಮಾತು ಕೇಳುತ್ತೇನೆ. ಎಲ್ಲರಿಗೂ ಒಪ್ಪುವ ಪಾದರಕ್ಷೆ ಎಂದರೆ ನಮ್ಮದೇನು ಹೊಸದು? ಅದು ಪ್ರತಿ ಬೀದಿಯಲ್ಲೂ ಸಿಗುತ್ತದೆ. ನಮ್ಮನ್ನು ಹುಡುಕಿಕೊಂಡು ಬರಬೇಕಾದವರಿಗೆ ಇದರಿಂದ ಏನು ತಿಳಿಯುತ್ತದೆ? ನಮ್ಮ ಕೆಲಸ ಏನೆಂದು ಹೇಳುವ ಒಂದೇ ಒಂದು ಪದವನ್ನೂ ನೀನು ಉಳಿಸಿಲ್ಲ.

ಈ ಅಂಗಡಿಯ ವಿಷಯ ನಿನ್ನ ಆಫೀಸಿನವರ ಮುಂದೆ ಹೇಳಿಕೊಳ್ಳಲು ನಿನಗೆ ನಾಚಿಕೆಯೇ? ಹಾಗಿದ್ದರೆ ಹೇಳಿಬಿಡು, ನಾನು ಕೋಪ ಮಾಡಿಕೊಳ್ಳುವುದಿಲ್ಲ. ಚಪ್ಪಲಿ ಹೊಲಿಯುವವನ ತಂಗಿ ಎನ್ನಲು ನಾಲಿಗೆ ತೊಡರುವವರು ಇದ್ದೇ ಇರುತ್ತಾರೆ. ನಿನ್ನ ಅತ್ತಿಗೆ ನನ್ನನ್ನು ಗದರಿ, “ಅವಳು ಅಂಥೋಳಲ್ಲ, ಬಾಯಿಗೆ ಬಂದಂಗೆ ಬರೀಬೇಡಿ” ಎನ್ನುತ್ತಿದ್ದಾಳೆ. ಆದರೂ ಬರೆದಿದ್ದೇನೆ. ಮೂರು ವರ್ಷದಿಂದ ಊರಿಗೆ ಬಂದಿಲ್ಲ ನೀನು. ಪ್ರತಿ ಸಲವೂ ರಜೆ ಇಲ್ಲ ಎನ್ನುತ್ತೀಯ.

ಬೇಜಾರಾದರೆ ಇಷ್ಟನ್ನು ಹರಿದುಹಾಕು, ಮಿಕ್ಕಿದ್ದನ್ನು ಓದು.

ನಿನ್ನ ಅಣ್ಣ


ಮಾರ್ಚ್ 15

ತಂಗಿಗೆ,

ನಿನ್ನ ಉತ್ತರ ಬಂದಿಲ್ಲ. ಅದಕ್ಕೆ ಕಾಯದೆ ಬರೆಯುತ್ತಿದ್ದೇನೆ. ಆ ಫೋಟೊವನ್ನು ಕೂಡಲೇ ತೆಗೆಸು. ಕಾಗದ ತಲುಪುವ ಮುಂಚೆಯೇ ಅತ್ತಿಗೆ ಫೋನ್ ಮಾಡುತ್ತಾಳೆ, ಆದರೂ ಬರೆಯುತ್ತಿದ್ದೇನೆ. ಬರೆಯದಿದ್ದರೆ ನನಗೆ ಕೂರಲಾಗುವುದಿಲ್ಲ.

ಇವತ್ತು ಬೆಳಿಗ್ಗೆ ಪಿಟೀಲು ಟೀಚರು ಬಂದಿದ್ದರು. ಮುಂದಿನ ಬಾಗಿಲಿಂದ ಬಂದರು. ಎದುರು ಬೇಕರಿಯ ಮುಂದೆ ನಾಲ್ಕು ಜನ ನಿಂತಿದ್ದರು, ಅವರೆಲ್ಲರ ಮುಂದೆ ನಿಧಾನವಾಗಿ ಮೆಟ್ಟಿಲು ಹತ್ತಿ ಬಂದರು. ನಾನು ಎದ್ದು ಪರದೆಯ ಕಡೆ ಕೈ ತೋರಿಸಿದೆ. ಅವರು ಅಲ್ಲಾಡಲಿಲ್ಲ.

“ಬೇಡ. ಇನ್ನು ಪರದೆ ಯಾಕೆ?” ಎಂದರು.

ಬೇಕರಿಯಾಕೆಯ ಮಗಳು ಅವರ ಹತ್ತಿರ ಪಿಟೀಲು ಕಲಿಯುತ್ತಾಳೆ. ಲಿಂಕ್ ಆ ಫೋನಿನಿಂದ ಈ ಫೋನಿಗೆ ಹೋಗಿ, ಪಾಠಕ್ಕೆ ಬರುವ ಮಕ್ಕಳೆಲ್ಲ ನೋಡಿದ್ದಾರೆ. ಒಂದು ಚಿಕ್ಕ ಹುಡುಗಿ ಪಾಠದ ನಡುವೆ, “ಟೀಚರ್, ಬೂಟು ಬಿಚ್ಚಿ ತೋರ್ಸಿ” ಎಂದಳಂತೆ. ಕೆಟ್ಟದ್ದಕ್ಕೆ ಕೇಳಿದ್ದಲ್ಲ, ಮಗು. ಅದನ್ನು ಅವರೇ ಹೇಳಿದರು. “ಮಗುವಿನ ತಪ್ಪೇನಿಲ್ಲ” ಎಂದು ಎರಡು ಸಲ ಹೇಳಿದರು.

ನಾನು ಏನೇನೋ ತೊದಲಿದೆ. ಅರ್ಧ ಮುಖ ಎಂದೆ, ಪ್ರಯೋಗದ ಪುಟ ಎಂದೆ. ಅವರು ಕೇಳಿಸಿಕೊಂಡು, “ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲ ನನ್ನ. ಬೇಡ ಅಂತಿದ್ದೆ. ಅಷ್ಟೇ ಆಗ್ತಿದ್ದಿದ್ದು” ಎಂದರು. ಆಮೇಲೆ, “ನಿಮ್ಮ ತಂಗಿ ತಾನೇ ಇದನ್ನೆಲ್ಲ ಮಾಡಿಸ್ತಿರೋದು? ಆಕೆಗೂ ಹೊಳೀಲಿಲ್ವಾ?” ಎಂದರು.

ಆಗ ನಿನ್ನನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. “ಅವಳಿಗೆ ಹೊಳೆಯಲ್ಲ ಟೀಚರ್, ಅವಳು ಇಂಥದ್ದಕ್ಕೆಲ್ಲ ನಾಚ್ಕೊಳ್ಳೋಳಲ್ಲ. ಅಷ್ಟು ದೊಡ್ಡ ಆಫೀಸಲ್ಲಿ ತಲೆ ಎತ್ಕೊಂಡು ಓಡಾಡ್ತಾಳೆ” ಎಂದೆ. ಅವರು ನನ್ನ ಮುಖವನ್ನೇ ನೋಡಿದರು.

ತಮ್ಮ ಕಾಲಿನ ಅಚ್ಚು ಕೇಳಿದರು. ಗೋಡೆಯಿಂದ ತೆಗೆದು, ಧೂಳು ಒರೆಸಿ ಕೊಟ್ಟೆ. ಅದನ್ನು ಪಿಟೀಲಿನ ಚೀಲದಲ್ಲಿಟ್ಟುಕೊಂಡು ಮುಂದಿನ ಬಾಗಿಲಿಂದಲೇ ಹೋದರು. ಅಚ್ಚು ಅವರ ಹತ್ತಿರ ಇದ್ದು ಏನು ಪ್ರಯೋಜನ? ಅದರ ಮೇಲೆ ಬೂಟು ಹೊಲಿಯುವವನು ಈ ಊರಿನಲ್ಲಿ ಇನ್ನೊಬ್ಬನಿಲ್ಲ. ಈಗಿರುವ ಜೊತೆ ಸವೆಯುವವರೆಗೆ ಹಾಕುತ್ತಾರೆ. ಆಮೇಲೆ?

ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ನನಗೆ ಹಾಗಾಗಿದೆ. ಅಪ್ಪ ಆ ಪರದೆ ಕಟ್ಟಿದ್ದೇ ಅವರಂಥವರಿಗಾಗಿ. ಅದನ್ನು ಸರಿಸಿದ್ದು ನನ್ನ ಕೈ. ನನಗೆ ಕೇಳಬೇಕು ಎಂದು ಅನಿಸಿತ್ತು, ಅನಿಸಿಯೂ ಕೇಳಲಿಲ್ಲ. ಫೋಟೊ ಅಷ್ಟು ಚೆನ್ನಾಗಿತ್ತು.

ಅಣ್ಣ


ಮಾರ್ಚ್ 18

ಅಣ್ಣನಿಗೆ,

ಅತ್ತಿಗೆಯ ಫೋನ್ ಬಂದ ಕೂಡಲೇ ಫೋಟೊ ತೆಗೆಸಿದೆ. ಪುಟವನ್ನೇ ಪೂರ್ತಿ ಮುಚ್ಚಿಸಿದ್ದೇನೆ. ನಿನ್ನ ಕಾಗದವೂ ಬಂತು.

ಆಮೇಲೆ ಬರೆಯುತ್ತೇನೆ.

ತಂಗಿ


ಏಪ್ರಿಲ್ 4

ತಂಗಿಗೆ,

ಆಮೇಲೆ ಬರೆಯುತ್ತೇನೆ ಎಂದವಳು ಬರೆಯಲೇ ಇಲ್ಲ. ಅತ್ತಿಗೆ ಫೋನ್ ಮಾಡಿದರೆ ಮೀಟಿಂಗ್ ಎನ್ನುತ್ತೀಯಂತೆ. ನಾಚಿಕೆಯೇ ಎಂದು ಕೇಳಿದ್ದಕ್ಕೆ ನೊಂದುಕೊಂಡೆಯೋ, ಟೀಚರ ಮಾತನ್ನು ನಿನಗೆ ದಾಟಿಸಿದ್ದಕ್ಕೋ? ನಿನ್ನದೇನೂ ತಪ್ಪಿಲ್ಲ ಎಂದು ಅವತ್ತೇ ಬರೆಯಬೇಕಿತ್ತು. ದೂರದಲ್ಲಿರುವ ನಿನಗೆ ಇಲ್ಲಿನದು ಹೇಗೆ ತಿಳಿಯಬೇಕು? ಪಕ್ಕದಲ್ಲಿ ನಿಂತು ನೋಡಿದವನು ನಾನು.

ಟೀಚರ ಮನೆಗೆ ಹೋಗಿದ್ದೆ. ಒಳಗೆ ಪಾಠ ನಡೆಯುತ್ತಿತ್ತು. ಮುಗಿಯುವವರೆಗೆ ಗೇಟಿನ ಹತ್ತಿರ ನಿಂತಿದ್ದೆ. ಅವರು ಹೊರಗೆ ಬಂದು, ಗೇಟು ತೆಗೆಯದೆ, “ಕ್ಷಮಿಸಿದೀನಿ ಅಂತ ನನ್ನ ಬಾಯಿಂದ ಕೇಳೋಕೆ ಬಂದಿದೀರಾ?” ಎಂದರು. ನಾನು ಗೇಟಿನ ಕಂಬಿ ಹಿಡಿದುಕೊಂಡೆ. “ಅದನ್ನ ಕೊಟ್ರೆ ನಿಮಗೆ ಹಗುರ ಆಗುತ್ತೆ. ನನಗೇನೂ ಆಗಲ್ಲ” ಎಂದರು. ಸಿಟ್ಟಿನಲ್ಲಿ ಹೇಳಿದ್ದಲ್ಲ. ಮಕ್ಕಳಿಗೆ ಪಾಠ ಹೇಳಿ ಸುಸ್ತಾದ ದನಿಯಲ್ಲಿ ಹೇಳಿದರು.

ಬೀದಿಯವರು ವೆಬ್‌ಸೈಟ್ ಏನಾಯಿತು ಎಂದು ಕೇಳುತ್ತಿದ್ದಾರೆ. ರಿಪೇರಿಗೆ ಹೋಗಿದೆ ಎನ್ನುತ್ತೇನೆ.

ಒಂದು ಸಾಲಾದರೂ ಬರೆ.

ಅಣ್ಣ


ಏಪ್ರಿಲ್ 13

ಅಣ್ಣ,

ಇದನ್ನು ಎಷ್ಟೋ ಸಲ ಬರೆದು ಹರಿದೆ. ಈ ಸಲ ತಿದ್ದದೆ ಬರೆಯುತ್ತೇನೆ, ಚೆನ್ನಾಗಿಲ್ಲದಿದ್ದರೆ ಇರಲಿ.

ನನ್ನದೇನೂ ತಪ್ಪಿಲ್ಲ ಎಂದು ಬರೆದಿದ್ದೀಯ. ಅದನ್ನು ಓದಿ ಆಫೀಸಿನ ಬಾತ್‌ರೂಮಿಗೆ ಹೋಗಿ ಅತ್ತೆ. ನನಗೆ ಹೊಳೆಯಲಿಲ್ಲವೇ ಎಂದು ಟೀಚರು ಕೇಳಿದರಲ್ಲ, ಹೊಳೆದಿತ್ತು. ಹಾಕಬಹುದೇ ಎಂದು ನೀನು ಕೇಳಿದ ಸಾಲು ಓದುವಾಗಲೇ ನನಗೆ ಉತ್ತರ ಗೊತ್ತಿತ್ತು. ಆ ಫೋಟೊ ನೋಡಿದಾಗ ಅಲ್ಲಿ ಕೂತಿರುವುದು ನಾನೇ ಎನಿಸಿತು. ಪ್ರಪಂಚದಲ್ಲಿ ಬೇರಾರಿಗೆ ತಿಳಿಯದಿದ್ದರೂ ನನಗೆ ತಿಳಿಯಬೇಕಿತ್ತು, ತಿಳಿದಿತ್ತು ಕೂಡ. ಆದರೂ ‘ಬಹಳ ಚೆನ್ನಾಗಿದೆ’ ಎಂದು ಬರೆದೆ. ಯಾಕೆಂದರೆ ಅವರ ಕಾಲು ಹಾಕಿದರೆ ನನ್ನ ಕಾಲು ಕೇಳುವುದನ್ನು ನೀನು ಬಿಡುತ್ತೀಯ. ನನ್ನನ್ನು ಬಚ್ಚಿಟ್ಟುಕೊಳ್ಳಲು ಅವರನ್ನು ಮುಂದೆ ನೂಕಿದೆ ಅಣ್ಣ. ನೀನು ಅವರ ಮುಂದೆ ನಿಂತು ‘ನನ್ನ ತಂಗಿ ನಾಚಿಕೊಳ್ಳುವವಳಲ್ಲ’ ಎಂದೆ.

ಅಂಗಡಿಯ ಬಗ್ಗೆ ನನಗೆ ನಾಚಿಕೆಯೇ ಎಂದು ಕೇಳಿದ್ದೀಯ. ಇಲ್ಲ. ನನ್ನ ಅಣ್ಣ ಬೂಟು ಹೊಲಿಯುತ್ತಾನೆ ಎಂದು ಇಲ್ಲಿ ಎಲ್ಲರಿಗೂ ಹೇಳಿದ್ದೇನೆ. ಎಂಥ ಬೂಟು ಎಂದು ಮಾತ್ರ ಹೇಳಿಲ್ಲ. ಹೇಳಿದರೆ ಮುಂದಿನ ಪ್ರಶ್ನೆ ಏನೆಂದು ನಿನಗೂ ಗೊತ್ತು. ಡಿಸೈನರಿಗೂ ‘ಅಪರೂಪಕ್ಕೆ ಅಂಥ ಕೆಲಸಾನೂ ಮಾಡ್ತಾನೆ’ ಎಂದು ತೇಲಿಸಿಬಿಟ್ಟಿದ್ದೆ. ಅದಕ್ಕೇ ನಿನ್ನ ವಾಕ್ಯ ತಿದ್ದಿದ್ದು.

ಇಷ್ಟೇ ಆಗಿದ್ದರೆ ಹೇಗಾದರೂ ಬರೆಯಬಹುದಿತ್ತು. ಇನ್ನೊಂದಿದೆ. ನಾನು ಫೋಟೊ ಕಳಿಸದಿದ್ದದ್ದು ಜನ ನೋಡುತ್ತಾರೆಂದು ಮಾತ್ರವಲ್ಲ. ನೀನು ನೋಡುತ್ತೀಯ ಎಂದು.

ನೀನು ಕಳಿಸುವ ಬೂಟನ್ನು ನಾನು ನೀನು ಕಳಿಸಿದ ಹಾಗೆ ಹಾಕಿಕೊಳ್ಳುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಲಿಫ್ಟಿನಲ್ಲಿ ಒಬ್ಬಾಕೆ ನನ್ನ ಪಾದ ನೋಡಿ, “ಎರಡೂ ಒಂದೇ ಜೊತೇದಾ?” ಎಂದು ಕೇಳಿದಳು. ನಕ್ಕು ಕೇಳಿದ್ದು. ಅವತ್ತು ಸಂಜೆಯೇ ಮೂಲೆಯ ರಿಪೇರಿಯವನ ಹತ್ತಿರ ಹೋಗಿ ಎಡ ಬೂಟಿನ ದಪ್ಪ ಅಟ್ಟೆಯನ್ನು ಅರ್ಧಕ್ಕೆ ಕತ್ತರಿಸಲು ಹೇಳಿದೆ. ಅವನೇ ಬೇಡ ಎಂದ. “ಯಾರೋ ಬಹಳ ಕಷ್ಟಪಟ್ಟು ಕೂರಿಸಿದ್ದಾರೆ ಮೇಡಂ” ಎಂದ. ಪರವಾಗಿಲ್ಲ ಕತ್ತರಿಸಿ ಎಂದೆ. ಆಮೇಲೆ ನೀನು ಕಳಿಸಿದ ಪ್ರತಿ ಜೊತೆಯನ್ನೂ ಹಾಗೇ ಮಾಡಿಸಿದ್ದೇನೆ. ನಿನ್ನ ಪಾರ್ಸೆಲ್ ಬಿಚ್ಚಿ, ಚರ್ಮದ ವಾಸನೆ ನೋಡಿ, ‘ಚೆನ್ನಾಗಿದೆ’ ಎಂದು ನಿನಗೆ ಬರೆದು, ಮರುದಿನ ತೆಗೆದುಕೊಂಡು ಹೋಗಿ ಕತ್ತರಿಸಿಕೊಂಡು ಬರುತ್ತೇನೆ.

ಈಗ ಎಡಗಾಲಿನ ಹಿಮ್ಮಡಿ ಎತ್ತಿಕೊಂಡು ನಡೆಯುತ್ತೇನೆ. ಎಲ್ಲರಿಗಿಂತ ಮೊದಲು ಆಫೀಸಿಗೆ ಹೋಗುತ್ತೇನೆ, ಎಲ್ಲರೂ ಹೋದ ಮೇಲೆ ಏಳುತ್ತೇನೆ. ಯಾರಾದರೂ ಕಂಡರೆ ಕಾಲು ಉಳುಕಿದೆ ಎನ್ನುತ್ತೇನೆ. ನನ್ನ ಕಾಲು ಉಳುಕಿದ್ದು ಎಷ್ಟು ಸಲವಾಯಿತೋ, ಸದಾ ಎಡವಿ ಬೀಳುವವಳು ಎಂದು ಹೆಸರು ಬಂದಿದೆ. ಕುಂಟುವುದನ್ನು ಜನ ಮರೆಯುತ್ತಾರೆ, ದಪ್ಪ ಅಟ್ಟೆಯನ್ನು ಮರೆಯುವುದಿಲ್ಲ ಎಂದುಕೊಂಡಿದ್ದೆ. ಸೊಂಟ, ಮಂಡಿ ಎರಡೂ ನೋಯುತ್ತವೆ. ಊರಿಗೆ ಬಂದರೆ ಬಾಗಿಲಿಂದ ಎರಡು ಹೆಜ್ಜೆ ಇಡುವಷ್ಟರಲ್ಲಿ ನಿನಗೆ ಗೊತ್ತಾಗಿಬಿಡುತ್ತದೆ. ಅದಕ್ಕೇ ನನಗೆ ರಜೆ ಸಿಗುವುದಿಲ್ಲ.

ನಿನ್ನೆ ಮೇಲಿನ ಮಹಡಿಗೆ ಹೋಗಿ ಡಿಸೈನರ ಮುಂದೆ ಬೂಟು ಬಿಚ್ಚಿದೆ. ಎಲ್ಲವನ್ನೂ ಹೇಳಿದೆ. ಅವರು ಬೂಟನ್ನು ತಿರುಗಿಸಿ ನೋಡಿ, “ಇದನ್ನ ಮೊದ್ಲೇ ಹೇಳ್ಬಾರದಾ? ಬೇರೆ ಯಾವುದೋ ಅಂಗಡಿಗೆ ಪುಟ ಮಾಡ್ದಂಗೆ ಆಯ್ತಲ್ಲ” ಎಂದು ರೇಗಿದರು. ಆಮೇಲೆ ಬೂಟು ಹಾಕಿಸಿ, ನಿಲ್ಲಿಸಿ, ಅವರೇ ಫೋಟೊ ತೆಗೆದರು. ಪ್ರಿಂಟ್ ಇದರ ಜೊತೆ ಇಟ್ಟಿದ್ದೇನೆ. ಮುಖ ಪೂರ್ತಿ ಇದೆ. ಬೂಟು ಕಾಣುತ್ತದೆ, ಕತ್ತರಿಸಿದ್ದೂ ಕಾಣುತ್ತದೆ. ಹಾಕಿಸು. ನಿನ್ನ ವಾಕ್ಯವನ್ನೇ ಹಾಕಿಸು.

ಟೀಚರಿಗೆ ಇದನ್ನು ಹೇಳಬೇಡ. ಅವರ ಮುಂದೆ ಒಳ್ಳೆಯವಳಾಗಲು ಇಷ್ಟೆಲ್ಲ ಮಾಡಿದೆ ಎಂದಾಗುವುದು ಬೇಡ. ನನ್ನನ್ನು ಬೈಯಬೇಕೆನಿಸಿದರೆ ಬೈ.

ತಂಗಿ


ಏಪ್ರಿಲ್ 20

ತಂಗ್ಯಮ್ಮನಿಗೆ,

ಫೋಟೊವನ್ನು ಕಿಟಕಿಯ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದೆ. ಅತ್ತಿಗೆಗೂ ಕಾಗದ ಓದಿ ಹೇಳಿದೆ. ಅವಳು ಎದ್ದು ಒಳಗೆ ಹೋದಳು.

ಮೊದಲು ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ನಿನ್ನ ಮೇಲೆ ಬಂತು, ಆ ಲಿಫ್ಟಿನವಳ ಮೇಲೆ ಬಂತು. ಆಮೇಲೆ ನಾನು ಕಷ್ಟಪಟ್ಟು ಬರೆದ ಆ ವಾಕ್ಯ ಓದಿದೆ. ಪಕ್ಕದಲ್ಲಿ ನಡೆಯುವವರಿಗೂ ಗೊತ್ತಾಗದ ಹಾಗೆ. ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ನಾನು ಅದನ್ನೇ ಹೇಳುತ್ತೇನೆ. “ಯಾರಿಗೂ ಗೊತ್ತಾಗಲ್ಲ ಬಿಡಿ, ನಾನಿದ್ದೀನಿ” ಎನ್ನುತ್ತೇನೆ. ನಿನಗೂ ಚಿಕ್ಕಂದಿನಿಂದ ಅದನ್ನೇ ಹೇಳಿದ್ದೇನೆ. ನನ್ನ ಕೈಚಳಕ ಎಂದುಕೊಂಡು ಜಂಬದಿಂದ ಹೇಳುತ್ತಿದ್ದೆ. ಗೊತ್ತಾದರೆ ಅವಮಾನ ಎಂದು ನಿನಗೆ ಕಲಿಸಿದವನು ನಾನೇ ಎಂದು ಇವತ್ತು ಅನಿಸಿತು. ಲಿಫ್ಟಿನವಳು ಕೇಳಿದ್ದು ಒಂದು ಸಲ. ನಾನು ಹೇಳಿದ್ದು ನಿನ್ನ ಬಾಲ್ಯವಿಡೀ.

ಆ ವಾಕ್ಯ ಬೇಡ. ಈ ಫೋಟೊವನ್ನೂ ಹಾಕಿಸುವುದಿಲ್ಲ. ನಿನ್ನ ಮುಖ ಚೆನ್ನಾಗಿಯೇ ಬಂದಿದೆ, ಆದರೆ ಕಾಲಿನಲ್ಲಿರುವುದು ನನ್ನ ಬೂಟಲ್ಲ. ಸೊಂಟ ಒಂದು ಕಡೆಗೆ ಜಗ್ಗಿರುವುದು ಎದ್ದು ಕಾಣುತ್ತಿದೆ. ಹಳೆಯ ಅಚ್ಚಿನ ಮೇಲೆ ಮತ್ತೆ ಹೊಲಿದರೂ ಈಗ ಸರಿಹೋಗುವುದಿಲ್ಲ, ಹೊಸದಾಗಿ ಅಳತೆ ಆಗಬೇಕು. ಅದು ಅಂಚೆಯಲ್ಲಿ ಆಗುವ ಕೆಲಸವಲ್ಲ, ನೀನು ಬರಿಗಾಲಲ್ಲಿ ನಿಲ್ಲಬೇಕು, ನಡೆಯಬೇಕು, ನಾನು ಹಿಂದಿನಿಂದ ನೋಡಬೇಕು. ವೆಬ್‌ಸೈಟ್ ಅಲ್ಲಿಯವರೆಗೆ ಕಾಯಲಿ. ಅಂಗಡಿ ಹೇಗೋ ಉಸಿರು ಹಿಡಿದುಕೊಂಡಿರುತ್ತದೆ.

ನಿನಗೆ ರಜೆ ಸಿಗುವುದಿಲ್ಲವಲ್ಲ, ಅದಕ್ಕೆ ನಾನೇ ಬರುತ್ತೇನೆ. ಮುಂದಿನ ವಾರ ಹೊರಡುತ್ತೇನೆ. ನನ್ನ ಕೈಯಲ್ಲಿ ಅಳತೆಯ ಪೆಟ್ಟಿಗೆ ಇರುತ್ತದೆ, ಬಟ್ಟೆಯೆಲ್ಲ ಅಂಟಿನ ವಾಸನೆ ಹೊಡೆಯುತ್ತದೆ, ನೋಡಿದವರಿಗೆ ಯಾವ ಕೆಲಸದವನು ಎಂದು ಕೇಳುವುದೇ ಬೇಕಾಗುವುದಿಲ್ಲ. ನಿನ್ನ ರೂಮಿಗೆ ಬರಲೋ, ಆಫೀಸಿಗೆ ಬರಲೋ? ರೂಮಿಗೆ ಎಂದರೆ ಬೇಸರವಿಲ್ಲ. ಇದು ನಿನ್ನ ಕಾಲು, ನಿನ್ನ ಮಾತೇ ಕೊನೆ. ಕೇಳದೆ ಮಾಡುವುದನ್ನು ನಾನು ಬಿಟ್ಟಿದ್ದೇನೆ.

ನಿನ್ನ ಅಣ್ಣ


ಏಪ್ರಿಲ್ 24

ಅಣ್ಣ,

ಆಫೀಸಿಗೇ ಬಾ. ಮಧ್ಯಾಹ್ನ ಊಟದ ಹೊತ್ತಿಗೆ ಬಾ, ಎಲ್ಲರೂ ಇರುತ್ತಾರೆ. ಕೆಳಗೆ ಬಂದು ಹೇಳಿ ಕಳಿಸು, ನಾನೇ ಮೆಟ್ಟಿಲಿಳಿದು ಬಂದು ಕರೆದುಕೊಂಡು ಹೋಗುತ್ತೇನೆ. ನಿಧಾನವಾಗಿ ಇಳಿಯುತ್ತೇನೆ.

ಇಷ್ಟು ಬರೆಯುವಾಗಲೂ ಮುಖ ಬಿಸಿಯಾಗುತ್ತಿದೆ. ನಾಚಿಕೆ ಇನ್ನೂ ಹೋಗಿಲ್ಲ. ಆದರೂ ಬಾ.

ನಿನ್ನ ತಂಗಿ